ವೆಸ್ಟ್ ಇಂಡೀಸ್: ದೇಶವಲ್ಲದ ತಂಡಕ್ಕೆ ಒಲಿಂಪಿಕ್ಸ್ ತಂದ ಇಕ್ಕಟ್ಟು

ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಕ್ರಿಕೆಟ್ ಆಡಿಸಲು ಅಂತಾರಾಷ್ಟ್ರೀಯ ಒಲಿಂಪಿಕ್ ಸಮಿತಿ 2023ರ ಅಕ್ಟೋಬರ್‌ನಲ್ಲಿ ಮುಂಬೈ ಅಧಿವೇಶನದಲ್ಲಿ ಒಪ್ಪಿಗೆ ನೀಡಿದಾಗ ಸಂಭ್ರಮಿಸದ ಕ್ರಿಕೆಟ್ ರಾಷ್ಟ್ರವಿರಲಿಲ್ಲ. 1900ರ ಪ್ಯಾರಿಸ್ ಕೂಟದಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ನಡೆದ ಒಂದೇ ಒಂದು ಪಂದ್ಯದ ನಂತರ ಈ ಆಟ ಒಲಿಂಪಿಕ್ ಅಂಗಳದ ಕಡೆ ತಲೆಹಾಕಿರಲಿಲ್ಲ. 128 ವರ್ಷಗಳ ಬಳಿಕ, 2028ರ ಜುಲೈನಲ್ಲಿ, ಪುರುಷರ ಆರು ಮತ್ತು ಮಹಿಳೆಯರ ಆರು ತಂಡಗಳು ಟ್ವೆಂಟಿ-20 ಮಾದರಿಯಲ್ಲಿ ಪದಕಕ್ಕಾಗಿ ಸೆಣಸಲಿವೆ. ಆದರೆ ಪುರುಷರ ಟ್ವೆಂಟಿ-20 ವಿಶ್ವಕಪ್ಪನ್ನು 2012 ಮತ್ತು 2016ರಲ್ಲಿ ಎರಡು ಬಾರಿ ಗೆದ್ದ ತಂಡ ಅಲ್ಲಿರುವುದಿಲ್ಲ. ಅರ್ಹತೆಯ ಕೊರತೆ ಇದಕ್ಕೆ ಕಾರಣವಲ್ಲ. ಆ ತಂಡದ ಹೆಸರಿನಲ್ಲಿ ಜಗತ್ತಿನ ಭೂಪಟದಲ್ಲಿ ಯಾವ ದೇಶವೂ ಇಲ್ಲ, ಅಷ್ಟೇ.

ವೆಸ್ಟ್ ಇಂಡೀಸ್ ಎಂಬುದು ರಾಷ್ಟ್ರವಲ್ಲ ಎಂಬ ಸಂಗತಿ ಕ್ವಿಜ್ ಸ್ಪರ್ಧೆಗಳಲ್ಲಿ ಶಾಲಾ ಮಕ್ಕಳಿಗೆ ಕೇಳುವ ಪ್ರಶ್ನೆ. ಆ ಹೆಸರಿನ ಕೆಳಗೆ ಹತ್ತು ಸ್ವತಂತ್ರ ರಾಷ್ಟ್ರಗಳೂ ಇನ್ನೂ ಪರಾಧೀನವಾಗಿರುವ ಐದು ಪುಟ್ಟ ಪ್ರದೇಶಗಳೂ ಇವೆ. ಇಂಥ ತಂಡಕ್ಕೆ ಒಲಿಂಪಿಕ್ ನಿಯಮಾವಳಿಯಲ್ಲಿ ಜಾಗವಿಲ್ಲ. ಅಲ್ಲಿ ಪ್ರವೇಶ ಸಿಗುವುದು ರಾಷ್ಟ್ರೀಯ ಒಲಿಂಪಿಕ್ ಸಮಿತಿಗಳ ಮೂಲಕ. ಜಮೈಕಾಕ್ಕೆ ಒಂದು ಸಮಿತಿ, ಬಾರ್ಬಡೋಸ್‌ಗೆ ಇನ್ನೊಂದು, ಟ್ರಿನಿಡಾಡ್ ಮತ್ತು ಟೊಬಾಗೊಕ್ಕೆ ಮತ್ತೊಂದು. ವೆಸ್ಟ್ ಇಂಡೀಸ್‌ಗೆ ಮಾತ್ರ ಇಲ್ಲ. ಮೇಲ್ನೋಟಕ್ಕೆ ಇದು ಕಾಗದಪತ್ರದ ತೊಡಕಿನಂತೆ ಕಂಡರೂ, ಈ ತಂಡದ ಚರಿತ್ರೆಯನ್ನು ಬಲ್ಲವರಿಗೆ ಇದರ ಗಾಂಭೀರ್ಯ ಬೇರೆಯೇ ಆಗಿ ತೋರುತ್ತದೆ.

ಮೊದಲು ಭೂಗೋಳವನ್ನು ಗಮನಿಸಬೇಕು. ಜಮೈಕಾದ ಕಿಂಗ್‌ಸ್ಟನ್‌ನಿಂದ ಬಾರ್ಬಡೋಸ್‌ನ ಬ್ರಿಜ್‌ಟೌನ್‌ಗೆ ಸುಮಾರು 1,900 ಕಿಲೋಮೀಟರ್ ದೂರ. ಬೆಂಗಳೂರಿಗೂ ದೆಹಲಿಗೂ ನಡುವಿನ ವಿಮಾನದಾರಿಗಿಂತ ಹೆಚ್ಚು. ಗಯಾನಾ ದ್ವೀಪವೇ ಅಲ್ಲ, ದಕ್ಷಿಣ ಅಮೆರಿಕದ ನೆಲಕ್ಕೆ ಅಂಟಿಕೊಂಡಿರುವ ದೇಶ. ಜಮೈಕಾದಲ್ಲಿ ಜನಸಂಖ್ಯೆ 28 ಲಕ್ಷದ ಆಸುಪಾಸಿನಲ್ಲಿದ್ದರೆ, ವಿವಿಯನ್ ರಿಚರ್ಡ್ಸ್, ಆ್ಯಂಡಿ ರಾಬರ್ಟ್ಸ್, ರಿಚಿ ರಿಚರ್ಡ್‌ಸನ್, ಕರ್ಟ್ಲಿ ಆ್ಯಂಬ್ರೋಸ್ ಅವರನ್ನು ಕೊಟ್ಟ ಆ್ಯಂಟಿಗುವಾ ಮತ್ತು ಬಾರ್ಬುಡಾದ ಜನಸಂಖ್ಯೆ ಒಂದು ಲಕ್ಷವನ್ನೂ ಮುಟ್ಟುವುದಿಲ್ಲ. ಆಫ್ರಿಕಾದಿಂದ ಗುಲಾಮರಾಗಿ ತರಲ್ಪಟ್ಟವರ ವಂಶಜರ ಜೊತೆಗೆ, 1838ರಿಂದ ಗಯಾನಾಕ್ಕೂ 1845ರಿಂದ ಟ್ರಿನಿಡಾಡ್‌ಗೂ ಕಬ್ಬಿನ ತೋಟಗಳಿಗೆ ಕರಾರಿನ ಕೂಲಿಗಳಾಗಿ ಹಡಗೇರಿದ ಭಾರತೀಯರ ಮಕ್ಕಳು ಮೊಮ್ಮಕ್ಕಳೂ ಅಲ್ಲಿದ್ದಾರೆ. ಸನ್ನಿ ರಾಮಧೀನ್, ರೋಹನ್ ಕನ್ಹಾಯ್, ಆಲ್ವಿನ್ ಕಾಳಿಚರಣ್, ಶಿವನಾರಾಯಣ್ ಚಂದ್ರಪಾಲ್ ಇದೇ ಪರಂಪರೆಯವರು. ಎಲ್ಲರಿಗೂ ಒಂದೇ ಕರೆನ್ಸಿ ಇಲ್ಲದ, ಒಬ್ಬರ ರಾಷ್ಟ್ರಗೀತೆ ಇನ್ನೊಬ್ಬರಿಗೆ ಬಾರದ ಈ ಜನರನ್ನು ಒಟ್ಟುಗೂಡಿಸಿರುವ ಸಂಸ್ಥೆಗಳು ಬೆರಳೆಣಿಕೆಯಷ್ಟು. 1948ರಲ್ಲಿ ಆರಂಭವಾದ ವೆಸ್ಟ್ ಇಂಡೀಸ್ ವಿಶ್ವವಿದ್ಯಾಲಯ ಒಂದು. ಅದಕ್ಕಿಂತ ಹಳೆಯದು ಕ್ರಿಕೆಟ್ ತಂಡ.

ರಾಜಕಾರಣವೂ ಒಮ್ಮೆ ಇವರನ್ನು ಒಂದುಗೂಡಿಸಲು ಯತ್ನಿಸಿತ್ತು. 1958ರ ಜನವರಿಯಲ್ಲಿ ಬ್ರಿಟಿಷ್ ಆಡಳಿತದ ಹತ್ತು ಪ್ರಾಂತ್ಯಗಳು ಸೇರಿ ವೆಸ್ಟ್ ಇಂಡೀಸ್ ಒಕ್ಕೂಟ ರೂಪುಗೊಂಡಿತು. ಬಾರ್ಬಡೋಸ್‌ನ ಗ್ರ್ಯಾಂಟ್ಲಿ ಆ್ಯಡಮ್ಸ್ ಪ್ರಧಾನಿಯಾದರು. ಟ್ರಿನಿಡಾಡ್‌ನ ಪೋರ್ಟ್ ಆಫ್ ಸ್ಪೇನ್ ರಾಜಧಾನಿಯಾಯಿತು. ಅದರ ಆಯುಷ್ಯ ನಾಲ್ಕೂವರೆ ವರ್ಷವನ್ನು ದಾಟಲಿಲ್ಲ. ತೆರಿಗೆ ಯಾರು ವಿಧಿಸಬೇಕು, ಸಣ್ಣ ದ್ವೀಪಗಳ ಭಾರವನ್ನು ಯಾರು ಹೊರಬೇಕು ಎಂಬ ಜಗಳದಲ್ಲೇ ಒಕ್ಕೂಟ ಸೊರಗಿತು. 1961ರ ಸೆಪ್ಟೆಂಬರ್‌ನ ಜನಮತಗಣನೆಯಲ್ಲಿ ಜಮೈಕಾದ ಶೇ. 54ರಷ್ಟು ಮತದಾರರು ಹೊರನಡೆಯುವ ತೀರ್ಮಾನ ಕೊಟ್ಟರು. ಒಕ್ಕೂಟದ ಅರ್ಧಕ್ಕೂ ಹೆಚ್ಚು ಜನ ಇದ್ದ ದ್ವೀಪವೇ ಹೋದ ಮೇಲೆ ಉಳಿದ ಹೊರೆಯನ್ನು ಹೊರಲು ಟ್ರಿನಿಡಾಡ್‌ನ ನಾಯಕ ಎರಿಕ್ ವಿಲಿಯಮ್ಸ್ ಒಪ್ಪಲಿಲ್ಲ. 1962ರ ಮೇ 31ರಂದು ಒಕ್ಕೂಟ ವಿಸರ್ಜನೆಯಾಯಿತು. ಅದೇ ಆಗಸ್ಟ್‌ನಲ್ಲಿ ಜಮೈಕಾ, ಟ್ರಿನಿಡಾಡ್ ಎರಡೂ ಪ್ರತ್ಯೇಕವಾಗಿ ಸ್ವತಂತ್ರವಾದವು.

ವಿಚಿತ್ರವೆಂದರೆ, ರಾಜಕೀಯ ಒಕ್ಕೂಟ ಕುಸಿಯುತ್ತಿದ್ದ ಅದೇ ಕಾಲದಲ್ಲಿ ಕ್ರಿಕೆಟ್ ಒಕ್ಕೂಟ ಗಟ್ಟಿಯಾಗುತ್ತಿತ್ತು. 1928ರಿಂದ ಟೆಸ್ಟ್ ಆಡುತ್ತಿದ್ದರೂ ಪೂರ್ಣ ಸರಣಿಯೊಂದಕ್ಕೆ ಕಪ್ಪು ವರ್ಣೀಯನೊಬ್ಬ ನಾಯಕನಾಗಲು 1960ರವರೆಗೆ ಕಾಯಬೇಕಾಯಿತು. ಸಿ.ಎಲ್.ಆರ್. ಜೇಮ್ಸ್ ತಮ್ಮ ಪತ್ರಿಕೆಯಲ್ಲಿ ನಡೆಸಿದ ಅಭಿಯಾನದ ಒತ್ತಡವೂ ಸೇರಿ ಫ್ರ್ಯಾಂಕ್ ವೊರೆಲ್ ಆಸ್ಟ್ರೇಲಿಯಾ ಪ್ರವಾಸಕ್ಕೆ ನಾಯಕರಾದರು. ಬ್ರಿಸ್ಬೇನ್‌ನಲ್ಲಿ ಕ್ರಿಕೆಟ್ ಇತಿಹಾಸದ ಮೊದಲ ಟೈ ಟೆಸ್ಟ್ ನಡೆದದ್ದು ಆ ಸರಣಿಯಲ್ಲೇ. ಸರಣಿ ಸೋತರೂ ತಂಡವನ್ನು ಬೀಳ್ಕೊಡಲು ಮೆಲ್ಬರ್ನ್ ನಗರದ ಬೀದಿಗಳಲ್ಲಿ ಜನಸಾಗರವೇ ನೆರೆದಿತ್ತು. ಬಾರ್ಬಡೋಸ್‌ನಲ್ಲಿ ಹುಟ್ಟಿ, ಜಮೈಕಾದಲ್ಲಿ ನೆಲೆಸಿ, ಟ್ರಿನಿಡಾಡ್‌ನ ವಿಶ್ವವಿದ್ಯಾಲಯ ಆವರಣದಲ್ಲಿ ಕೆಲಸ ಮಾಡಿದ ವೊರೆಲ್, ಒಂದೇ ದ್ವೀಪಕ್ಕೆ ಸೇರಿದವರೆಂದು ಹೇಳಲಾಗದ ವ್ಯಕ್ತಿ.

ಒಕ್ಕೂಟದ ಕೊನೆಯ ದಿನಗಳಿಗೆ ಭಾರತ ತಂಡವೂ ಸಾಕ್ಷಿಯಾಗಿತ್ತು. 1962ರ ಫೆಬ್ರುವರಿಯಿಂದ ಏಪ್ರಿಲ್‌ವರೆಗಿನ ಆ ಪ್ರವಾಸದಲ್ಲಿ ಬಾರ್ಬಡೋಸ್ ವಿರುದ್ಧದ ಪಂದ್ಯದಲ್ಲಿ ಚಾರ್ಲಿ ಗ್ರಿಫಿತ್ ಎಸೆತ ತಲೆಗೆ ಬಡಿದು ಭಾರತದ ನಾಯಕ ನಾರಿ ಕಂಟ್ರಾಕ್ಟರ್ ಪ್ರಾಣಾಪಾಯಕ್ಕೆ ಸಿಲುಕಿದಾಗ ರಕ್ತ ಕೊಟ್ಟವರಲ್ಲಿ ವೊರೆಲ್ ಒಬ್ಬರು. ಬಂಗಾಳ ಕ್ರಿಕೆಟ್ ಸಂಸ್ಥೆ ಫೆಬ್ರುವರಿ 3ರಂದು ಅವರ ಹೆಸರಿನಲ್ಲಿ ರಕ್ತದಾನ ಶಿಬಿರ ನಡೆಸುವ ಪರಿಪಾಠ ಬೆಳೆದುಬಂದದ್ದು ಹೀಗೆ. ಐದೂ ಟೆಸ್ಟ್‌ಗಳನ್ನು ಗೆದ್ದು ಸರಣಿ ಮುಗಿಸಿದ ಆ ತಂಡದ ಹಿಂದಿದ್ದ ರಾಷ್ಟ್ರ ಆರು ವಾರಗಳಲ್ಲಿ ಕಣ್ಮರೆಯಾಯಿತು. ತಂಡ ಉಳಿಯಿತು. ಮರುವರ್ಷ ಇಂಗ್ಲೆಂಡ್‌ಗೆ ಹೋಗಿ 3-1ರಿಂದ ಗೆದ್ದು ಬಂದಿತು.

ಅಲ್ಲಿಂದ ಮುಂದಿನದು ಕನ್ನಡಿಗ ಕ್ರಿಕೆಟ್ ಪ್ರಿಯರಿಗೂ ಗೊತ್ತಿರುವ ಕಥೆ. ಕ್ಲೈವ್ ಲಾಯ್ಡ್ ನಾಯಕತ್ವದ ಯುಗ ಶುರುವಾದದ್ದು ಬೆಂಗಳೂರಿನಲ್ಲೇ. 1974ರ ನವೆಂಬರ್‌ನಲ್ಲಿ ಈಗಿನ ಚಿನ್ನಸ್ವಾಮಿ ಕ್ರೀಡಾಂಗಣದ ಮೊಟ್ಟಮೊದಲ ಟೆಸ್ಟ್‌ನಲ್ಲಿ ಲಾಯ್ಡ್ ಮೊದಲ ಬಾರಿ ತಂಡವನ್ನು ಮುನ್ನಡೆಸಿದರು. ಬಾರ್ಬಡೋಸ್‌ನ ಗಾರ್ಡನ್ ಗ್ರಿನಿಜ್, ಆ್ಯಂಟಿಗುವಾದ ರಿಚರ್ಡ್ಸ್ ಇಬ್ಬರೂ ಟೆಸ್ಟ್‌ಗೆ ಕಾಲಿಟ್ಟದ್ದು ಆ ಪಂದ್ಯದಲ್ಲಿ. ಗ್ರಿನಿಜ್ 93 ಮತ್ತು 107 ಬಾರಿಸಿದರೆ, ರಿಚರ್ಡ್ಸ್ ಎರಡೂ ಇನಿಂಗ್ಸ್‌ಗಳಲ್ಲಿ ಬಿ.ಎಸ್. ಚಂದ್ರಶೇಖರ್ ಅವರಿಗೆ ಅಗ್ಗವಾಗಿ ವಿಕೆಟ್ ಒಪ್ಪಿಸಿದರು. ಅದರ ಸೇಡನ್ನು ದೆಹಲಿಯ ಮುಂದಿನ ಟೆಸ್ಟ್‌ನಲ್ಲಿ ಅಜೇಯ 192 ಹೊಡೆದು ತೀರಿಸಿಕೊಂಡರು. ಗಯಾನಾದ ನಾಯಕ, ಬಾರ್ಬಡೋಸ್‌ನ ಆರಂಭಿಕ, ಆ್ಯಂಟಿಗುವಾದ ಹೊಸಬ: ಈ ಕಲಸುಮೇಲೋಗರವೇ 1975 ಮತ್ತು 1979ರ ವಿಶ್ವಕಪ್‌ಗಳನ್ನು ಗೆದ್ದಿತು, 1980ರಿಂದ 1995ರವರೆಗೆ ಒಂದೇ ಒಂದು ಟೆಸ್ಟ್ ಸರಣಿಯನ್ನೂ ಸೋಲಲಿಲ್ಲ.

ಒಲಿಂಪಿಕ್ಸ್‌ನಲ್ಲಿ ಕೆರಿಬಿಯನ್ನರು ಒಂದಾಗಿ ನಿಂತದ್ದು ಇಲ್ಲವೇ ಇಲ್ಲ ಎಂದೇನಲ್ಲ. ಒಕ್ಕೂಟ ಬದುಕಿದ್ದ 1960ರಲ್ಲಿ ರೋಮ್ ಕೂಟಕ್ಕೆ ಜಂಟಿ ತಂಡ ಹೋಗಿತ್ತು. 800 ಮೀಟರ್ ಓಟದಲ್ಲಿ ಜಾರ್ಜ್ ಕೆರ್ ಕಂಚು ಗೆದ್ದರು. 4x400 ಮೀಟರ್ ರಿಲೇಯಲ್ಲಿ ಮೂವರು ಜಮೈಕನ್ನರು, ಒಬ್ಬ ಬಾರ್ಬಡೋಸ್‌ನವ ಸೇರಿ ಇನ್ನೊಂದು ಕಂಚು ತಂದರು. ಒಕ್ಕೂಟದ ಹೆಸರಿನಲ್ಲಿ ಬಂದ ಪದಕಗಳು ಅವೆರಡೇ.

ಕ್ರಿಕೆಟ್‌ಗೂ ಈ ಒಡಕಿನ ಅನುಭವ ಹೊಸದಲ್ಲ. 1998ರ ಕ್ವಾಲಾಲಂಪುರ ಕಾಮನ್‌ವೆಲ್ತ್ ಕೂಟದಲ್ಲಿ ಬಾರ್ಬಡೋಸ್, ಜಮೈಕಾ, ಆ್ಯಂಟಿಗುವಾ ಮತ್ತು ಬಾರ್ಬುಡಾ ಬೇರೆ ಬೇರೆಯಾಗಿ ಕಣಕ್ಕಿಳಿದು ಪದಕವಿಲ್ಲದೆ ಮರಳಿದವು. 2022ರ ಬರ್ಮಿಂಗ್‌ಹ್ಯಾಮ್ ಕೂಟದ ಮಹಿಳಾ ಕ್ರಿಕೆಟ್‌ನಲ್ಲಿ ಇಡೀ ವಲಯದ ಸ್ಥಾನ ಬಾರ್ಬಡೋಸ್ ಒಂದಕ್ಕೇ ದಕ್ಕಿತು. ಹೇಲಿ ಮ್ಯಾಥ್ಯೂಸ್ ಆಡಿದರು. ಜಮೈಕಾದವರೆಂಬ ಒಂದೇ ಕಾರಣಕ್ಕೆ ಸ್ಟೆಫನಿ ಟೇಲರ್ ಮನೆಯಲ್ಲಿ ಉಳಿದರು. ಅದೇ ಟೇಲರ್ ನಾಯಕತ್ವದಲ್ಲಿ 2016ರ ಏಪ್ರಿಲ್ 3ರಂದು ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ವೆಸ್ಟ್ ಇಂಡೀಸ್ ಮಹಿಳೆಯರು ವಿಶ್ವಕಪ್ ಎತ್ತಿದ್ದರು. ಅದೇ ದಿನ, ಅದೇ ಅಂಗಳದಲ್ಲಿ ಪುರುಷರೂ ಗೆದ್ದಿದ್ದರು. ಬರ್ಮಿಂಗ್‌ಹ್ಯಾಮ್‌ನಲ್ಲಿ ಬಾರ್ಬಡೋಸ್ ಭಾರತದ ಎದುರು 62 ರನ್ ಗಳಿಸಿ 100 ರನ್‌ಗಳಿಂದ ಸೋತಿತು. ಒಂದು ಬೆರಳಿನ ಬಲಕ್ಕೂ ಮುಷ್ಟಿಯ ಬಲಕ್ಕೂ ಇರುವ ಅಂತರ ಇದು.

ಲಾಸ್ ಏಂಜಲೀಸ್‌ನಲ್ಲಿ ಈ ಅವಕಾಶವೂ ಕಿರಿದಾಗಿದೆ. ಆರು ಸ್ಥಾನಗಳಿಗೆ ಖಂಡಕ್ಕೊಂದು ತಂಡ ಎಂಬ ಸೂತ್ರ 2025ರಲ್ಲಿ ಚರ್ಚೆಗೆ ಬಂದಾಗ, ಅಮೆರಿಕ ಖಂಡಗಳ ಪಾಲು ಆತಿಥೇಯ ಅಮೆರಿಕ ಸಂಯುಕ್ತ ಸಂಸ್ಥಾನಕ್ಕೇ ಹೋಗುವುದೆಂಬ ಆತಂಕ ಕೆರಿಬಿಯನ್‌ನಲ್ಲಿ ಎದ್ದಿತು. ರ‍್ಯಾಂಕಿಂಗ್ ಲೆಕ್ಕ ಹಿಡಿದರೂ ಕಷ್ಟವೇ. ರ‍್ಯಾಂಕಿಂಗ್ ಇರುವುದು ವೆಸ್ಟ್ ಇಂಡೀಸ್‌ಗೆ ಹೊರತು ಬಾರ್ಬಡೋಸ್‌ಗೋ ಗಯಾನಾಕ್ಕೋ ಅಲ್ಲ. ದ್ವೀಪಗಳ ನಡುವೆ ಪ್ರತ್ಯೇಕ ಪಂದ್ಯಾವಳಿ ನಡೆಸಿ ಗೆದ್ದವರಿಗೆ ದಾರಿ ಮಾಡಿಕೊಡಬೇಕೆಂದು ಕ್ರಿಕೆಟ್ ವೆಸ್ಟ್ ಇಂಡೀಸ್ ಸಂಸ್ಥೆ 2025ರಲ್ಲಿ ಕೇಳಿಕೊಂಡಿತು. ಬೇಡಿಕೆಯಲ್ಲಿ ತಪ್ಪಿಲ್ಲ. ಆದರೆ ತಾನೇ ಒಂದಾಗಿರಿಸಿದ ದ್ವೀಪಗಳನ್ನು ತಾನೇ ಪರಸ್ಪರ ಎದುರು ನಿಲ್ಲಿಸಬೇಕಾದ ಸ್ಥಿತಿಗೆ ಆ ಸಂಸ್ಥೆ ಬಂದಿದೆ ಎಂಬುದನ್ನು ಮರೆಯುವಂತಿಲ್ಲ.

ಪ್ರತ್ಯೇಕವಾದರೆ ನಷ್ಟವೇನು ಎಂದು ಕೇಳುವವರೂ ಅಲ್ಲಿ ಉಂಟು. ಫುಟ್‌ಬಾಲ್‌ನಲ್ಲಿ ಜಮೈಕಾ 1998ರಲ್ಲಿ, ಟ್ರಿನಿಡಾಡ್ 2006ರಲ್ಲಿ ಸ್ವಂತ ಹೆಸರಿನಲ್ಲೇ ವಿಶ್ವಕಪ್ ಆಡಿದವು. ಸುಮಾರು ಒಂದೂವರೆ ಲಕ್ಷ ಜನರ ಕುರಸಾವೊ, 2025ರ ನವೆಂಬರ್‌ನಲ್ಲಿ ಕಿಂಗ್‌ಸ್ಟನ್‌ನಲ್ಲೇ ಜಮೈಕಾವನ್ನು ಗೋಲಿಲ್ಲದ ಡ್ರಾದಲ್ಲಿ ಕಟ್ಟಿಹಾಕಿ 2026ರ ಕೂಟಕ್ಕೆ ಅರ್ಹತೆ ಪಡೆಯಿತು. (ಕುರಸಾವೊ ಕೂಡ ಸ್ವತಂತ್ರ ದೇಶವಲ್ಲ, ನೆದರ್ಲೆಂಡ್ಸ್ ಅರಸೊತ್ತಿಗೆಯ ಭಾಗ. ಅದನ್ನು ಫುಟ್‌ಬಾಲ್ ಒಕ್ಕೂಟ ಒಪ್ಪುತ್ತದೆ, ಒಲಿಂಪಿಕ್ ಸಮಿತಿ ಒಪ್ಪುವುದಿಲ್ಲ. ದೇಶ ಯಾವುದು ಎಂಬ ಪ್ರಶ್ನೆಗೆ ಕ್ರೀಡಾಲೋಕದಲ್ಲಿ ಒಬ್ಬೊಬ್ಬರದು ಒಂದೊಂದು ಉತ್ತರ.) ಕ್ರಿಕೆಟ್‌ನಲ್ಲೂ ಟ್ರಿನಿಡಾಡ್ ಮತ್ತು ಟೊಬಾಗೊ ತಂಡ 2009ರ ಚಾಂಪಿಯನ್ಸ್ ಲೀಗ್‌ನ ಫೈನಲ್‌ವರೆಗೆ ಬಂದು ಹೈದರಾಬಾದ್ ಪ್ರೇಕ್ಷಕರ ಮನಗೆದ್ದಿತ್ತು.

ಈ ವಾದದಲ್ಲಿ ಸತ್ಯಾಂಶವಿದೆ, ಆದರೆ ಇಪ್ಪತ್ತು ಓವರ್‌ಗಳ ಮಟ್ಟಿಗೆ ಮಾತ್ರ. ಐದು ದಿನದ ಆಟಕ್ಕೆ ಬೇಕಾದ ವೇಗಿಗಳನ್ನೂ ಬ್ಯಾಟ್ಸ್‌ಮನ್‌ಗಳನ್ನೂ ಒಂದೇ ದ್ವೀಪ ಒದಗಿಸಲಾರದು. ಒಟ್ಟಾಗಿದ್ದೂ ತಂಡ ಏದುಸಿರು ಬಿಡುತ್ತಿದೆ. 2023ರ ಏಕದಿನ ವಿಶ್ವಕಪ್‌ಗೆ ಅರ್ಹತೆಯನ್ನೇ ಪಡೆಯಲಿಲ್ಲ. 2025ರ ಜುಲೈನಲ್ಲಿ ಕಿಂಗ್‌ಸ್ಟನ್‌ನ ಸಬೀನಾ ಪಾರ್ಕ್‌ನಲ್ಲಿ ಆಸ್ಟ್ರೇಲಿಯಾ ಎದುರು 27 ರನ್‌ಗಳಿಗೆ ಕುಸಿಯಿತು, ಟೆಸ್ಟ್ ಇತಿಹಾಸದ ಅತಿ ಕಡಿಮೆ ಮೊತ್ತಕ್ಕಿಂತ ಒಂದೇ ರನ್ ಹೆಚ್ಚು. ನಿಕೋಲಸ್ ಪೂರನ್ ಅದೇ ವರ್ಷ 29ರ ವಯಸ್ಸಿನಲ್ಲೇ ಅಂತಾರಾಷ್ಟ್ರೀಯ ಕ್ರಿಕೆಟ್‌ಗೆ ವಿದಾಯ ಹೇಳಿದರು. ಲೀಗ್‌ಗಳ ಹಣದ ಮುಂದೆ ಮಂಡಳಿಯ ಹಣ ನಿಲ್ಲುವುದಿಲ್ಲ. 2013ರ ಏಪ್ರಿಲ್‌ನಲ್ಲಿ ಚಿನ್ನಸ್ವಾಮಿಯಲ್ಲಿ ಕ್ರಿಸ್ ಗೇಲ್ ಅಜೇಯ 175 ಚಚ್ಚಿದ್ದನ್ನು ಕಂಡು ಬೆಂಗಳೂರು ಕುಣಿದಿತ್ತು. ಆ ಕುಣಿತದ ಬೆಲೆಯಲ್ಲಿ ಒಂದು ಪಾಲನ್ನು ಕೆರಿಬಿಯನ್ ತೆತ್ತಿದೆ. ಇಷ್ಟಾದರೂ 2024ರ ಜನವರಿಯಲ್ಲಿ, ಗಯಾನಾದಲ್ಲಿ ದೋಣಿಯೇರಿ ಹೋಗಬೇಕಾದ ಬರಕಾರಾ ಎಂಬ ಹಳ್ಳಿಯ ಶಮಾರ್ ಜೋಸೆಫ್ ಏಳು ವಿಕೆಟ್ ಕಿತ್ತು ಬ್ರಿಸ್ಬೇನ್‌ನಲ್ಲಿ ಆಸ್ಟ್ರೇಲಿಯಾವನ್ನು ಎಂಟು ರನ್‌ಗಳಿಂದ ಸೋಲಿಸಿದಾಗ, ಸಂಭ್ರಮ ಗಯಾನಾದ್ದಷ್ಟೇ ಆಗಿರಲಿಲ್ಲ.

ನಿಜವಾದ ಅಪಾಯ ಇರುವುದು ಹಣಕಾಸಿನ ಹರಿವಿನಲ್ಲಿ. ಒಲಿಂಪಿಕ್ ಕ್ರೀಡೆಗೆ ಸರ್ಕಾರದ ಅನುದಾನ ಬರುವುದು ರಾಷ್ಟ್ರಧ್ವಜದ ಹೆಸರಿನಲ್ಲಿ. ಉಸೇನ್ ಬೋಲ್ಟ್ ಓಡಿದ್ದು ಜಮೈಕಾದ ಹಸಿರು-ಹಳದಿಯಲ್ಲಿ. ತಾಳೆಮರ ಮತ್ತು ವಿಕೆಟ್ ಚಿತ್ರವಿರುವ ಕ್ರಿಕೆಟ್ ಬಾವುಟಕ್ಕೆ ಯಾವ ಸರ್ಕಾರದ ಖಜಾನೆಯೂ ಜವಾಬ್ದಾರನಲ್ಲ. ಕ್ರಿಕೆಟ್ ಪದಕ ಗೆಲ್ಲುವ ಆಸೆ ಹುಟ್ಟಿದ ಮೇಲೆ ಬ್ರಿಜ್‌ಟೌನ್‌ನ ಅಥವಾ ಜಾರ್ಜ್‌ಟೌನ್‌ನ ಮಂತ್ರಿಯೊಬ್ಬರು ತಮ್ಮ ಹುಡುಗರನ್ನು ತಮಗಾಗಿ ಉಳಿಸಿಕೊಳ್ಳಬಾರದೇಕೆ ಎಂದು ಕೇಳಿದರೆ ಅಚ್ಚರಿಪಡಬೇಕಿಲ್ಲ. 1961ರಲ್ಲಿ ಜಮೈಕಾ ಕೇಳಿದ್ದೂ ಹೆಚ್ಚುಕಡಿಮೆ ಅದನ್ನೇ.

ಇದರ ನಡುವೆ ಯಾರ ಲೆಕ್ಕಕ್ಕೂ ಬಾರದವರಿದ್ದಾರೆ. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಕ್ರಿಕೆಟ್‌ನಲ್ಲಿ ಬೇರೆ ಬೇರೆ ತಂಡಗಳು. ಒಲಿಂಪಿಕ್ಸ್‌ನಲ್ಲಿ ಗ್ರೇಟ್ ಬ್ರಿಟನ್ ಎಂಬ ಒಂದೇ ಹೆಸರಿನಡಿ ಸೇರಬೇಕು, ಸೇರಬಲ್ಲವು ಕೂಡ. ಅವರ ವಸಾಹತಾಗಿದ್ದ ದ್ವೀಪಗಳಿಗೆ ಅದೇ ನಿಯಮ ತದ್ವಿರುದ್ಧವಾಗಿ ಕೆಲಸ ಮಾಡುತ್ತದೆ. ಇನ್ನೂ ಬ್ರಿಟನ್‌ನ ಅಧೀನದಲ್ಲಿರುವ ಆ್ಯಂಗ್ವಿಲಾಕ್ಕೆ ಸ್ವಂತ ಒಲಿಂಪಿಕ್ ಸಮಿತಿಯೇ ಇಲ್ಲ. 2003ರಲ್ಲಿ ಆಸ್ಟ್ರೇಲಿಯಾ ಎದುರು ವೆಸ್ಟ್ ಇಂಡೀಸ್ 418 ರನ್ ಬೆನ್ನಟ್ಟಿ ವಿಶ್ವದಾಖಲೆ ಬರೆದಾಗ ಅಜೇಯ 47 ಗಳಿಸಿ ಕ್ರೀಸ್‌ನಲ್ಲಿದ್ದ ಒಮಾರಿ ಬ್ಯಾಂಕ್ಸ್, ಆ ದ್ವೀಪದ ಮೊದಲ ಟೆಸ್ಟ್ ಆಟಗಾರ. ಉದ್ದಜಿಗಿತಗಾರ್ತಿ ಶಾರಾ ಪ್ರಾಕ್ಟರ್ ಕೂಡ ಅಲ್ಲಿಯವರೇ. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವರು ಜಿಗಿದದ್ದು ಬ್ರಿಟನ್ ಪರವಾಗಿ. ಬ್ಯಾಂಕ್ಸ್ ಅವರಂಥ ಇನ್ನೊಬ್ಬ ಹುಡುಗ ಇಂದು ಆ್ಯಂಗ್ವಿಲಾದಲ್ಲಿ ಬೆಳೆಯುತ್ತಿದ್ದರೆ, ಒಲಿಂಪಿಕ್ಸ್‌ನಲ್ಲಿ ಅವನಿಗೆ ತೆರೆದಿರುವ ದಾರಿಯೂ ಅದೊಂದೇ: 1928ರಲ್ಲಿ ಲಾರ್ಡ್ಸ್‌ನಲ್ಲಿ ವೆಸ್ಟ್ ಇಂಡೀಸ್ ತನ್ನ ಮೊದಲ ಟೆಸ್ಟ್ ಆಡಿದಾಗ ಎದುರಿಗಿದ್ದವರ ಪಾಳಯ.