ಕಾಲುಬಾಯಿ ಜ್ವರ: ಲಸಿಕೆಯ ಒಳಗುಟ್ಟು



ನಮ್ಮ ಹುಳಿಮಾವು ಇಂದು ಬನ್ನೇರುಘಟ್ಟ ರಸ್ತೆಯ ದೊಡ್ಡ ಬಡಾವಣೆಯಾಗಿದೆ. ಆದರೂ ಹಿತ್ತಲಿನಲ್ಲಿ ಒಂದೆರಡು ಹಸು ಕಟ್ಟಿ, ಹಾಲಿನ ಕಾಯಕದಿಂದ ಬಾಳುವ ಮನೆಗಳು ಈ ಭಾಗದಲ್ಲಿ ಇನ್ನೂ ಉಳಿದಿವೆ. ಲಸಿಕೆ ಹಾಕುವವರು ಬಂದಾಗ "ಹಾಲು ಇಳಿಯುತ್ತದೆ, ಈ ಸಲ ಬೇಡ" ಎಂಬ ಮಾತು ಅಲ್ಲಲ್ಲಿ ಕೇಳಿಬರುವುದರಿಂದ, ಈ ತಿಂಗಳು ಇದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಬ್ಯಾಕ್ಟೀರಿಯಾಗಳನ್ನು ತಡೆಯುವ ಸೋಸುಕದಲ್ಲಿಯೂ ನುಸುಳುವ ಅತಿಸೂಕ್ಷ್ಮ ರೋಗಾಣು ಈ ಜ್ವರಕ್ಕೆ ಕಾರಣವೆಂದು ಜರ್ಮನಿಯ ಲೋಫ್ಲರ್ ಮತ್ತು ಫ್ರಾಷ್ 1898ರಲ್ಲಿ ತೋರಿಸಿದರು. ಈ ವೈರಸ್ಸಿನ ಗಾತ್ರ ಮಿಲಿಮೀಟರಿನ 30,000ದಲ್ಲಿ ಒಂದು ಪಾಲಿನಷ್ಟು. ನಾಲ್ಕು ಬಗೆಯ ಪ್ರೋಟೀನುಗಳು, ಒಂದೊಂದೂ 60ರಂತೆ ಜೋಡಿಕೊಂಡು, 20 ಮುಖಗಳ ಚಿಪ್ಪಾಗುತ್ತವೆ; ಒಳಗೆ ಆರ್‌ಎನ್‌ಎ ಎಳೆ ಅಡಗಿರುತ್ತದೆ. ಚಿಪ್ಪಿನ ಅಣುಮಟ್ಟದ ರಚನೆಯನ್ನು ಬ್ರಿಟನ್ನಿನ ವಿಜ್ಞಾನಿಗಳು 1989ರಲ್ಲಿ ಕ್ಷಕಿರಣಗಳ ಸಹಾಯದಿಂದ ಬಿಡಿಸಿ ತೋರಿಸಿದರು.

ಚಿಪ್ಪಿನಿಂದ ಹೊರಚಾಚಿದ ಒಂದು ಕುಣಿಕೆಯಿಂದಲೇ ವೈರಸ್ಸು ಹಸುವಿನ ಜೀವಕೋಶವನ್ನು ಹಿಡಿಯುತ್ತದೆ. ಶರೀರದ ರೋಗನಿರೋಧಕ ಶಕ್ತಿಯೂ ಮುಖ್ಯವಾಗಿ ಆ ಭಾಗವನ್ನೇ ಗುರುತಿಸುತ್ತದೆ. ಆದರೆ ಅದು ಮೇಲಿಂದ ಮೇಲೆ ರೂಪ ಬದಲಿಸುತ್ತದೆ. ಒಂದು ಬಗೆಗೆ ಬಂದ ರಕ್ಷಣೆ ಮತ್ತೊಂದಕ್ಕೆ ಒದಗದು. ಆದಕಾರಣವೇ ನಮ್ಮ ದೇಶದ ಲಸಿಕೆಯಲ್ಲಿ ಓ, ಎ, ಏಷ್ಯಾ-1 ಎಂಬ ಮೂರು ಬಗೆಗಳನ್ನು ಸೇರಿಸುತ್ತಾರೆ.

ಲಸಿಕೆಗಾಗಿ ವೈರಸ್ಸನ್ನು ಬೆಳೆಸಿ, ರಾಸಾಯನಿಕದಿಂದ ನಿರ್ಜೀವಗೊಳಿಸಿ, ಚಿಪ್ಪನ್ನು ಮಾತ್ರ ಇಡಿಯಾಗಿ ಉಳಿಸಿಕೊಳ್ಳುತ್ತಾರೆ. ಬಿಸಿ ತಗುಲಿದರೆ ಚಿಪ್ಪು ಒಡೆದು ಚೂರಾಗುತ್ತದೆ. ಚೂರುಗಳಿಂದ ಸರಿಯಾದ ರಕ್ಷಣೆ ಹುಟ್ಟದು. ತಯಾರಿಕೆಯ ಸ್ಥಳದಿಂದ ಕೊಟ್ಟಿಗೆಯವರೆಗೂ ಅದನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿಡುವುದು ಇದಕ್ಕಾಗಿಯೇ. ಒಳಗಿನ ಎಳೆಯಿಲ್ಲದ ಬರಿಯ ಚಿಪ್ಪನ್ನು ರೂಪಿಸಿ, ಅದರ ಬೆಸುಗೆಯನ್ನು ಬಲಪಡಿಸಿದ ಹೊಸ ಬಗೆಯ ಲಸಿಕೆಯನ್ನು ಬ್ರಿಟನ್ನಿನ ಸಂಶೋಧಕರು 2013ರಲ್ಲಿ ಪ್ರಕಟಿಸಿದರು. ನಮ್ಮ ಹೆಬ್ಬಾಳದಲ್ಲಿರುವ ಭಾರತೀಯ ಪಶುವೈದ್ಯಕೀಯ ಸಂಶೋಧನಾ ಸಂಸ್ಥೆಯ ಕೇಂದ್ರವೂ ಈ ರೋಗದ ಲಸಿಕೆಯ ಕಾರ್ಯದಲ್ಲಿ ದಶಕಗಳಿಂದ ತೊಡಗಿದೆ.

ಅದೇ 2013ರಲ್ಲಿ ಈ ಜ್ವರ ಕರ್ನಾಟಕದಲ್ಲಿ ಹರಡಿ ಸಾವಿರಾರು ರಾಸುಗಳು ಅಸುನೀಗಿದವು. ಲಸಿಕೆಯಿಂದ ಹಾಲು ಇಳಿದರೂ ಕೆಲವು ದಿನಗಳಲ್ಲಿ ಮರಳುತ್ತದೆ. ಜ್ವರ ಬಂದರೋ, ಬಾಯಿ ಹುಣ್ಣಾಗಿ ಹಸು ಮೇವು ಬಿಡುತ್ತದೆ. ಗೊರಸು ಬಿರಿದು ಕುಂಟುತ್ತದೆ. ಗುಣವಾದರೂ ಎಷ್ಟೋ ಹಸುಗಳಲ್ಲಿ ಮೊದಲಿನ ಹಾಲು ಬಾರದು. ಎಳೆಗರುಗಳಂತೂ ಹೃದಯಕ್ಕೆ ಪೆಟ್ಟು ಬಿದ್ದು ಸಾಯುತ್ತವೆ.

2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಈ ಲಸಿಕೆ ಉಚಿತ. ಅದರ ಶಕ್ತಿ ಕ್ರಮೇಣ ಕುಂದುವುದರಿಂದ ಆರು ತಿಂಗಳಿಗೊಮ್ಮೆ ಹಾಕಿಸಬೇಕು. ನಾಲ್ಕು ತಿಂಗಳು ತುಂಬಿದ ಕರುವಿಗೆ ಮೊದಲನೆಯದು, ತಿಂಗಳ ನಂತರ ಮತ್ತೊಂದು. ಒಂದು ಮನೆ ತಪ್ಪಿಸಿದರೆ ನೆರೆಯ ಕೊಟ್ಟಿಗೆಗೂ ಅಪಾಯ.

ಶರಣರು ದಯೆಯನ್ನು ಧರ್ಮದಿಂದ ಬೇರೆ ಮಾಡಲಿಲ್ಲ. ನಮ್ಮನ್ನು ಸಾಕುವ ಮೂಕಜೀವಿಯ ನೋವನ್ನು ಮೊದಲೇ ತಡೆಯುವುದೂ ಕಾಯಕದ ಒಂದು ಭಾಗವೆಂದೇ ನಾವು ಭಾವಿಸುತ್ತೇವೆ.