ಸತ್ತ ಹಂದಿಗೆಲ್ಲ ಒಂದೇ ಕಾಯಿಲೆ ಬರೆಯುವ ನಾವು

ಕಳೆದ ಮಳೆಗಾಲದಲ್ಲಿ ನಮ್ಮ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ನಾಲ್ಕು ದಿನಕ್ಕೆ 11 ಹಂದಿ ಸತ್ತವು. ನಾವು ಕಳಿಸಿದ ಸುದ್ದಿಯಲ್ಲಿ ಕಾರಣ ಇನ್ನೂ ಗೊತ್ತಾಗಿಲ್ಲ ಎಂದಿತ್ತು. ಮಾರನೇ ದಿನ ಅಚ್ಚಾಗಿದ್ದು ‘ಹಂದಿ ಜ್ವರದ ಭೀತಿ’. ಡೆಸ್ಕಿನವರನ್ನು ಬೈದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಅದಕ್ಕೂ ಮುಂಚೆ ಎರಡು ಸಲ ಅದೇ ತಲೆಬರಹವನ್ನು ನಾವೇ ಹಾಕಿ ಕಳಿಸಿದ್ದೆವು. ಚಿಕ್ಕದಾಗಿದೆ, ಕಾಲಂನಲ್ಲಿ ಕೂರುತ್ತದೆ, ಓದುಗರು ನಿಲ್ಲುತ್ತಾರೆ ಅನ್ನುವುದೇ ನಮ್ಮ ಲೆಕ್ಕ.

ಪರೀಕ್ಷೆಯ ಫಲಿತಾಂಶ ಬಂದಾಗ ಅದು ಜ್ವರವಾಗಿರಲಿಲ್ಲ. ಶ್ವಾಸಕೋಶಕ್ಕೆ ಹತ್ತಿದ ಬ್ಯಾಕ್ಟೀರಿಯಾದ ನ್ಯುಮೋನಿಯಾ. ಅಷ್ಟರಲ್ಲಿ ಮೂರು ಭಾನುವಾರ ಸಂತೆಯ ಹಂದಿಮಾಂಸದ ಅಂಗಡಿ ಬಾಗಿಲು ಹಾಕಿತ್ತು. ಉಳಿದ ಹಂದಿಗಳನ್ನು ದಲ್ಲಾಳಿ ಅರ್ಧ ಬೆಲೆಗೆ ಎತ್ತಿಕೊಂಡು ಹೋಗಿದ್ದ. ನಮ್ಮ ತಿದ್ದುಪಡಿಗೆ ಜಾಗ ಸಿಗಲಿಲ್ಲ.

ಮೊದಲು ಈ ಪದದ ಜಗಳ ಮುಗಿಸೋಣ. ಕನ್ನಡ ಪತ್ರಿಕೆಗಳಲ್ಲಿ ‘ಹಂದಿ ಜ್ವರ’ ಅಂದರೆ ಮೂರು ಬೇರೆ ಬೇರೆ ಕಾಯಿಲೆ. 2009ರಲ್ಲಿ ಜನರಿಗೆ ಬಂದ ಎಚ್1ಎನ್1 ಒಂದು. ಹಂದಿಗೆ ಮೊದಲಿಂದಲೂ ಬರುವ, ಲಸಿಕೆ ಇರುವ ಕ್ಲಾಸಿಕಲ್ ಹಂದಿ ಜ್ವರ ಇನ್ನೊಂದು. 2020ರಲ್ಲಿ ಅಸ್ಸಾಂ, ಅರುಣಾಚಲದಲ್ಲಿ ಕಾಣಿಸಿಕೊಂಡ ಆಫ್ರಿಕನ್ ಹಂದಿ ಜ್ವರ ಮೂರನೆಯದು. ಇದು ಮನುಷ್ಯರಿಗೆ ಅಂಟುವುದಿಲ್ಲ. ಮೂರೂ ವೈರಸ್ಸಿನವು, ಮೂರಕ್ಕೂ ನಾವು ಇಟ್ಟ ಹೆಸರು ಒಂದೇ. ಈಗ ಬ್ಯಾಕ್ಟೀರಿಯಾದ ಕಾಯಿಲೆಯನ್ನೂ ಅದೇ ಗೋಣಿಗೆ ತುಂಬುತ್ತಿದ್ದೇವೆ.

ಆ ಶೆಡ್ಡಿಗೆ ನಾವು ಹೋಗಿದ್ದು ಸುದ್ದಿ ಅಚ್ಚಾದ ಮೇಲೆ. ಮೊದಲೇ ಹೋಗಬೇಕಿತ್ತು. ಮಳೆ ಎರಚಲು ಬೀಳುತ್ತದೆಂದು ನಾಲ್ಕೂ ಕಡೆ ಟಾರ್ಪಾಲು ಬಿಗಿದಿದ್ದರು. ಒಳಗೆ ಕಾಲಿಟ್ಟ ಎರಡೇ ನಿಮಿಷಕ್ಕೆ ಗಂಜಲದ ಘಾಟಿಗೆ ಕಣ್ಣಲ್ಲಿ ನೀರು ಬಂತು. ನಮಗೆ ಎರಡು ನಿಮಿಷ, ಹಂದಿಗೆ ಹಗಲೂ ರಾತ್ರಿ. ಆ ಘಾಟು ಅಮೋನಿಯಾ. ಶ್ವಾಸನಾಳದೊಳಗೆ ಕಸವನ್ನು ಮೇಲಕ್ಕೆ ದೂಡುವ ಸಣ್ಣ ರೋಮಗಳಿರುತ್ತವೆ, ಅಮೋನಿಯಾ ಅವನ್ನು ಕೆಡಿಸುತ್ತದೆ. ಆಮೇಲೆ ಮೂಗು, ಗಂಟಲಲ್ಲಿ ಸುಮ್ಮನಿದ್ದ ಪಾಶ್ಚುರೆಲ್ಲಾದಂಥ ರೋಗಾಣು ಶ್ವಾಸಕೋಶಕ್ಕೆ ಇಳಿಯಲು ದಾರಿ ಸಲೀಸು. ಅದರ ಮೇಲೆ ಆ ರೈತ ಹದಿನೈದು ದಿನದ ಹಿಂದಷ್ಟೇ ಮೂರು ಕಡೆಯಿಂದ ಮರಿ ತಂದು ಹಳೆಯವುಗಳ ಜೊತೆಗೇ ಬಿಟ್ಟಿದ್ದರು. ಹೊಸ ಮರಿಗಳನ್ನು ಒಂದು ತಿಂಗಳು ಬೇರೆ ಇಡಬೇಕೆಂದು ಯಾರೂ ಹೇಳಿರಲಿಲ್ಲವಂತೆ. ‘ಸಾಲ ಕೊಡೋರು ಬಂದಿದ್ರು ಸಾರ್, ಇದನ್ನ ಹೇಳೋರು ಬರಲಿಲ್ಲ’ ಅಂದರು.

ಹೊಟ್ಟೆ ಎಳೆದೆಳೆದು ಉಸಿರಾಡುವುದು, ನಾಯಿಯ ಹಾಗೆ ಮುಂಗಾಲು ಊರಿ ಕೂರುವುದು, ಕೆಮ್ಮು, ಮೇವು ಬಿಡುವುದು: ಇಷ್ಟು ಕಂಡಾಗಲೇ ಪಶುವೈದ್ಯರನ್ನು ಕರೆಸಿದ್ದರೆ ಕೆಲವಾದರೂ ಉಳಿಯುತ್ತಿದ್ದವು. ಆಫ್ರಿಕನ್ ಹಂದಿ ಜ್ವರಕ್ಕೆ ಔಷಧಿ ಇಲ್ಲ, ನ್ಯುಮೋನಿಯಾಕ್ಕೆ ಇದೆ. ವ್ಯತ್ಯಾಸ ಅಷ್ಟು ದೊಡ್ಡದು. ‘ಹಂದಿ ಜ್ವರ’ ಎಂದು ಪೇಪರಿನಲ್ಲಿ ಓದಿದ ಪಕ್ಕದ ಊರಿನವರು ಕೆಮ್ಮುವ ಹಂದಿಗೆ ಇಂಜೆಕ್ಷನ್ ಕೊಡಿಸಲಿಲ್ಲ, ರಾತ್ರೋರಾತ್ರಿ ಮಾರಿದರು. ಅದು ನಮ್ಮ ಬರಹದ ಫಲ.

ಔಷಧಿ ಇದೆ ಅಂದೆವು, ಆದರೆ ಯಾವುದು? ಮೆಡಿಕಲ್ ಅಂಗಡಿಯಾತ ಕೊಟ್ಟಿದ್ದೆಲ್ಲ ಔಷಧಿಯಲ್ಲ. ವರ್ಷವಿಡೀ ಒಣಕೆಮ್ಮು ತರಿಸಿ ಹಂದಿ ಮೈಗೂಡದ ಹಾಗೆ ಮಾಡುವ ಮೈಕೊಪ್ಲಾಸ್ಮಾ ಎಂಬ ರೋಗಾಣುವಿದೆ. ಅದಕ್ಕೆ ಕೋಶಭಿತ್ತಿಯೇ ಇಲ್ಲ. ಪೆನ್ಸಿಲಿನ್ ಕೆಲಸ ಮಾಡುವುದೇ ಕೋಶಭಿತ್ತಿಯ ಮೇಲೆ. ಅಂದರೆ ಎಷ್ಟು ಪೆನ್ಸಿಲಿನ್ ಚುಚ್ಚಿದರೂ ಮೈಕೊಪ್ಲಾಸ್ಮಾ ಸಾಯದು. ನಮ್ಮ ಕಡೆ ಮೊದಲು ಚುಚ್ಚುವುದು ಮಾತ್ರ ಅದನ್ನೇ. ಎರಡು ದಿನ ಕೊಟ್ಟು, ಮೇವು ತಿಂದರೆ ನಿಲ್ಲಿಸುತ್ತಾರೆ. ಅರ್ಧ ಕೋರ್ಸಿಗೆ ಬದುಕಿದ ರೋಗಾಣು ಮುಂದಿನ ಸಲ ಅದೇ ಔಷಧಿಗೆ ಬಗ್ಗದಿರಬಹುದು. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿದಿರುವ ಕೊಲಿಸ್ಟಿನ್ ಅನ್ನು ಆಹಾರದ ಪ್ರಾಣಿಗಳಿಗೆ ಕೊಡಬಾರದೆಂದು ಕೇಂದ್ರ ಸರ್ಕಾರ 2019ರಲ್ಲಿ ನಿಷೇಧಿಸಿತು. ಅದನ್ನು ನಮ್ಮಲ್ಲಿ ಎಷ್ಟು ಜನ ಸುದ್ದಿ ಮಾಡಿದೆವು?

ಇಲಾಖೆಯ ಮೇಲೂ ನಮ್ಮ ತಕರಾರಿದೆ. ಮುಂಗಾರಿಗೆ ಮುಂಚೆ ದನ ಎಮ್ಮೆಗಳಿಗೆ ಗಳಲೆ ರೋಗದ ಲಸಿಕೆ ಹಾಕಲು ಮನೆಮನೆಗೆ ಬರುತ್ತಾರೆ. ಗಳಲೆ ರೋಗ ತರುವುದೂ ಪಾಶ್ಚುರೆಲ್ಲಾವೇ, ಬಗೆ ಮಾತ್ರ ಬೇರೆ. ಹಟ್ಟಿಯ ದನಕ್ಕೆ ಸೂಜಿ ಚುಚ್ಚಿದವರು ಪಕ್ಕದ ಹಂದಿ ಶೆಡ್ಡಿಗೆ ತಲೆ ಹಾಕಿ ‘ಕೆಮ್ಮು ಇದೆಯಾ’ ಎಂದು ಕೇಳಿದ್ದನ್ನು ನಾವು ನೋಡಿಲ್ಲ. ಹಂದಿ ಸಾಕುವವರು ಯಾರು, ಅವರ ಮನೆ ಊರಿನ ಯಾವ ತುದಿಯಲ್ಲಿದೆ ಎಂಬುದು ಓದುಗರಿಗೆ ಗೊತ್ತು, ಬಿಡಿಸಿ ಹೇಳಬೇಕಿಲ್ಲ. ಇನ್ನು ಸತ್ತ ಹಂದಿಯ ಮಾದರಿ ಕಳಿಸುವುದು ಆಫ್ರಿಕನ್ ಜ್ವರ ಅಲ್ಲ ಅನ್ನಿಸಿಕೊಳ್ಳಲು ಮಾತ್ರ. ‘ಅಲ್ಲ’ ಎಂದು ಬಂದರೆ ಕಡತ ಮುಚ್ಚಿತು. ಈ 11 ಹಂದಿಗಳ ವಿಷಯದಲ್ಲಿ ಮುಚ್ಚಲಿಲ್ಲ. ಅಲ್ಲಿಗೆ ಹೊಸದಾಗಿ ಬಂದಿದ್ದ ಪಶುವೈದ್ಯೆ ಶ್ವಾಸಕೋಶದ ತುಂಡನ್ನು ಐಸಿನಲ್ಲಿಟ್ಟು, ಯಾವ ರೋಗಾಣು, ಯಾವ ಔಷಧಿಗೆ ಬಗ್ಗುತ್ತದೆ ಎಂದೂ ನೋಡಿ ಎಂದು ಹಟ ಹಿಡಿದು ಕಳಿಸಿದ್ದರು. ಒಬ್ಬರ ಹಟದಿಂದ ನಡೆದದ್ದು ನಿಯಮದಿಂದ ನಡೆಯಬೇಕು.

ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಹಂದಿ ತಳಿ ಘಟಕಕ್ಕೆ 50% ಸಬ್ಸಿಡಿ ಇದೆ, ಗರಿಷ್ಠ 30 ಲಕ್ಷ ರೂಪಾಯಿ. ಅದರ ಜಾಹೀರಾತು ನಮ್ಮ ಪತ್ರಿಕೆಗಳಲ್ಲಿ ಬಣ್ಣದಲ್ಲಿ ಬರುತ್ತದೆ. ಸಬ್ಸಿಡಿ ಪಡೆದ ಶೆಡ್ಡಿನಲ್ಲಿ ಗಾಳಿ ಆಡುತ್ತದೆಯೇ, ಒಂದು ತಂಡ ಪೂರ್ತಿ ಮಾರಿ, ತೊಳೆದು, ಒಣಗಿಸಿ ಆಮೇಲೆ ಇನ್ನೊಂದು ತಂಡ ತುಂಬುತ್ತಾರೆಯೇ ಎಂದು ನೋಡಿ ಬರೆಯಲು ಜಾಹೀರಾತು ಬೇಕಿಲ್ಲ, ಬೈಕಿಗೆ ಪೆಟ್ರೋಲು ಸಾಕು. ಮೈಕೊಪ್ಲಾಸ್ಮಾಕ್ಕೆ ಹೊರದೇಶಗಳಲ್ಲಿ ಲಸಿಕೆ ದಿನನಿತ್ಯದ ಮಾತು. ನಮ್ಮ ತಾಲ್ಲೂಕಿನ ಮೂರು ಅಂಗಡಿಯಲ್ಲಿ ಕೇಳಿದೆವು, ಹೆಸರೇ ಕೇಳಿಲ್ಲ ಅಂದರು. ಇದೂ ಸುದ್ದಿಯೇ.

ಮುಂದಿನ ಸಲ ಹಂದಿ ಸತ್ತ ಫೋನು ಬಂದಾಗ ಡೆಸ್ಕಿಗೆ ಕಳಿಸುವ ಮೊದಲ ಸಾಲಲ್ಲಿ ‘ಜ್ವರ’ ಎಂಬ ಪದವನ್ನು ಬರೆಯಬೇಡಿ. ಫಲಿತಾಂಶ ಬರುವವರೆಗೆ ‘ಸಾವು’ ಎಂದಷ್ಟೇ ಇರಲಿ. ಬಂದ ಮೇಲೆ ಅದೇ ಪುಟದಲ್ಲಿ, ಅಷ್ಟೇ ಜಾಗ ಕೇಳಿ. ಆ ರೈತರು ಟಾರ್ಪಾಲನ್ನು ಮೇಲೆ ಮೂರಡಿ ಬಿಟ್ಟು ಕಟ್ಟಿದ್ದಾರೆ. ಈ ಸಲ ಆರು ಮರಿ ತಂದು, ಮನೆಯ ಹಿಂದಿನ ಹಳೇ ಕೊಟ್ಟಿಗೆಯಲ್ಲಿ ಬೇರೆ ಇಟ್ಟಿದ್ದಾರೆ. ಫೋಟೊ ತೆಗೆಯಲು ಹೋದರೆ ಬೇಡ ಅಂದರು.