‘ನಾವೇನೂ ಅಂದಿಲ್ಲವಲ್ಲ’ ಅನ್ನುವವರಿಗೆ

ಮಲೆನಾಡಿನವರು ಕಮ್ಮಿ ಮಾತಿನವರು ಅಂತ ಹೊರಗಿನವರು ಹೇಳುವುದುಂಟು. ನಮ್ಮ ಕಡೆಯವರು ಅದನ್ನು ಹೊಗಳಿಕೆ ಅಂತಲೇ ತಗೊಳ್ತಾರೆ. ಮಾತಿಲ್ಲದೆ ಕೆಲಸ ಸಾಗಿಸುವುದು ಇಲ್ಲಿ ಎಲ್ಲರಿಗೂ ಗೊತ್ತು. ಅಡಿಕೆ ಮರದ ತುದಿಯಲ್ಲಿರುವ ಕೊನೆಗಾರನಿಗೂ ಕೆಳಗೆ ಹಗ್ಗ ಹಿಡಿದವನಿಗೂ ನಡುವೆ ಮಾತು ಬೇಕಿಲ್ಲ, ಹಗ್ಗ ಅಲುಗಿದರೆ ಸಾಕು. ಬಸ್ಸಲ್ಲಿ ಕಂಡಕ್ಟರ್ ಒಂದು ಸೀಟಿ ಹೊಡೆದರೆ ನಿಲ್ಲಿಸಬೇಕು, ಎರಡು ಹೊಡೆದರೆ ಹೊರಡಬೇಕು. ಪಂಕ್ತಿಯಲ್ಲಿ ಎಲೆಗೆ ಕೈ ಅಡ್ಡ ಹಿಡಿದರೆ ‘ಸಾಕು’ ಅಂತ. ದನದ ಜಾತ್ರೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದೇ ವ್ಯಾಪಾರ ಮುಗಿಯುತ್ತೆ. ಒಂದು ಮಿಸ್ಡ್ ಕಾಲ್ ಬಂದರೆ ಮಗ ಊರು ಮುಟ್ಟಿದ ಅಂತ ಅಮ್ಮನಿಗೆ ಗೊತ್ತಾಗುತ್ತೆ.

ಇವೆಲ್ಲ ಚೆಂದವೇ. ಆದರೆ ಇದೇ ಮಾತಿಲ್ಲದ ಭಾಷೆಯಲ್ಲಿ ನಮ್ಮ ಊರುಗಳು ಇನ್ನೊಂದು ಸಂಗತಿಯನ್ನೂ ದಿನಾ ಹೇಳುತ್ತವೆ. ‘ನೀನು ಇಲ್ಲಿಯವರೆಗೆ ಮಾತ್ರ’ ಅಂತ. ನಾವು ಬರೆಯಲು ಹೊರಟಿದ್ದು ಅದರ ಬಗ್ಗೆ.

ಆನಂದಪುರದ ಚಂಪಕ ಸರಸ್ಸಿನ ಕಥೆ ಈ ಭಾಗದ ಬಹಳ ಜನಕ್ಕೆ ಗೊತ್ತು. ಕೆಳದಿಯ ಅರಸ ವೆಂಕಟಪ್ಪ ನಾಯಕ ಒಂದು ಮನೆಯ ಮುಂದಿನ ರಂಗೋಲಿ ನೋಡಿ, ಅದನ್ನು ಹಾಕಿದ ಚಂಪಕಾಳಿಗೆ ಮನಸೋತನಂತೆ. ಆಕೆ ಅರಸರ ಜಾತಿಯವಳಲ್ಲ. ರಾಣಿ ಕೊರಗಿ ತೀರಿಕೊಂಡಳು, ಊರು ಚಂಪಕಾಳ ಮೇಲೆ ತಪ್ಪು ಹೊರಿಸಿತು, ಆಕೆ ಪ್ರಾಣ ಬಿಟ್ಟಳು ಅನ್ನುತ್ತಾರೆ. ಇತಿಹಾಸ ಎಷ್ಟು, ಕಥೆ ಎಷ್ಟು, ಆ ಚರ್ಚೆ ಬೇರೆ. ಆದರೆ ಒಂದು ರಂಗೋಲಿ ಮನುಷ್ಯರನ್ನು ಹತ್ತಿರ ತರಬಹುದು, ಒಂದು ಊರಿನ ಮುಖಭಾವ ಮನುಷ್ಯರನ್ನು ಕೊಲ್ಲಬಹುದು ಅನ್ನುವುದು ಈ ಕಥೆ ಕಟ್ಟಿದವರಿಗೆ ಗೊತ್ತಿತ್ತು.

ಈಗ ನಮ್ಮ ಹಳೇ ಮನೆಗಳನ್ನು ನೋಡಿ. ಅಂಗಳ, ಜಗಲಿ, ನಡುಮನೆ, ಅಡುಗೆಮನೆ. ಯಾರು ಎಲ್ಲಿಯವರೆಗೆ ಬರಬಹುದು ಅಂತ ಬೋರ್ಡ್ ಹಾಕಿಲ್ಲ. ಆದರೂ ಬಂದವರ ಕಾಲು ‘ಸರಿಯಾದ’ ಮೆಟ್ಟಿಲಲ್ಲೇ ನಿಲ್ಲುತ್ತೆ. ತೋಟದ ಕೆಲಸ ಮುಗಿಸಿದವರಿಗೆ ಕೂಲಿಯನ್ನು ಕೈಗೆ ಕೊಡದೆ ಜಗಲಿ ಕಟ್ಟೆ ಮೇಲೆ ಇಡುತ್ತಾರೆ, ಅವರು ಎತ್ತಿಕೊಳ್ಳಬೇಕು. ನೀರು ಕೇಳಿದರೆ ಮೇಲಿಂದ ಸುರಿಯುತ್ತಾರೆ, ಅವರು ಬೊಗಸೆ ಒಡ್ಡಬೇಕು. ಎಲ್ಲ ಮನೆಗಳೂ ಹೀಗಿಲ್ಲ. ಬದಲಾದ ಮನೆಗಳೂ ಇವೆ, ಅವರಿಗೆ ನಮಸ್ಕಾರ. ಈ ಮಾತು ಬದಲಾಗದ ಮನೆಗಳಿಗೆ.

ಮೊದಲು ತೆಂಗಿನ ಕರಟ ಇತ್ತು. ಆಮೇಲೆ ಮಾಡಿಗೆ ಸಿಕ್ಕಿಸಿಟ್ಟ ಬೇರೆ ಲೋಟ ಬಂತು. ಈಗ ಪೇಪರ್ ಲೋಟ. ಮನೆಯವರಿಗೆ, ನೆಂಟರಿಗೆ ಸ್ಟೀಲ್ ಲೋಟದಲ್ಲಿ ಕಾಫಿ, ಕೆಲಸಕ್ಕೆ ಬಂದವರಿಗೆ ಪೇಪರ್ ಲೋಟದಲ್ಲಿ. ಕೇಳಿದರೆ ‘ತೊಳೆಯೋರು ಯಾರು’ ಅಂತಾರೆ. ಒಪ್ಪೋಣ. ಹಾಗಾದರೆ ನೆಂಟರಿಗೂ ಪೇಪರ್ ಲೋಟ ಕೊಡಿ. ಅದು ಮಾತ್ರ ಆಗಲ್ಲ. ಯಾಕೆ ಆಗಲ್ಲ ಅಂತ ಯೋಚನೆ ಮಾಡಿದರೆ ಉತ್ತರ ಅಲ್ಲೇ ಸಿಗುತ್ತೆ.

ಇನ್ನೊಂದು ಸಮರ್ಥನೆ ಇದೆ. ‘ನಾವೇನೂ ಅಂದಿಲ್ಲವಲ್ಲ. ಅವರೇ ಒಳಗೆ ಬರಲ್ಲ, ಕರೆದರೂ ಕೂರಲ್ಲ.’ ಬರಲ್ಲ, ನಿಜ. ಬಾಯಿ ‘ಬಾ ಕೂತ್ಕೋ’ ಅನ್ನುವಾಗ ಕಣ್ಣು ಎಲ್ಲಿ ನೋಡಿತು? ಕುರ್ಚಿ ಮುಂದೆ ಎಳೆದಿರೋ, ಸುಮ್ಮನೆ ನಿಂತಿರೋ? ಅವರು ಎದ್ದು ಹೋದ ಮೇಲೆ ಆ ಜಾಗಕ್ಕೆ ನೀರು ಬಿತ್ತೋ? ಇದನ್ನೆಲ್ಲ ಎದುರಿನವರು ಚಿಕ್ಕಂದಿನಿಂದ ನೋಡುತ್ತ ಬಂದಿದ್ದಾರೆ. ಬಾಯಿ ಒಂದು ಹೇಳಿ ಮೈ ಇನ್ನೊಂದು ಹೇಳಿದರೆ ಯಾರಾದರೂ ಮೈಯನ್ನೇ ನಂಬುತ್ತಾರೆ.

ಹುಟ್ಟುತ್ತಲೇ ಯಾರಿಗೂ ಈ ಭಾಷೆ ಬರಲ್ಲ, ಕಲಿಸಬೇಕು. 2021ರ ಸೆಪ್ಟೆಂಬರ್‌ನಲ್ಲಿ ಕೊಪ್ಪಳ ಜಿಲ್ಲೆ ಕುಷ್ಟಗಿ ತಾಲ್ಲೂಕಿನ ಮಿಯಾಪುರದಲ್ಲಿ ಆಗಿದ್ದನ್ನು ನೆನಪು ಮಾಡಿಕೊಳ್ಳಿ. ದಲಿತ ಕುಟುಂಬದ ಎರಡು ವರ್ಷದ ಮಗು ಹನುಮಂತನ ಗುಡಿಯೊಳಗೆ ಓಡಿತು. ಗುಡಿ ಶುದ್ಧಿ ಮಾಡಬೇಕು ಅಂತ ಆ ಕುಟುಂಬದಿಂದ 25 ಸಾವಿರ ರೂಪಾಯಿ ಕೇಳಿದರು. ಸುದ್ದಿ ಹೊರಗೆ ಬಂದ ಮೇಲೆ ಅಧಿಕಾರಿಗಳು ಓಡಿ ಬಂದರು, ಪೊಲೀಸರು ಕೆಲವರನ್ನು ಬಂಧಿಸಿದರು. ಆ ಮಗು ಮಾಡಿದ ‘ತಪ್ಪು’ ಇಷ್ಟೇ: ಹೊಸ್ತಿಲು ಏನು ಹೇಳುತ್ತೆ ಅಂತ ಅದಕ್ಕೆ ಇನ್ನೂ ಯಾರೂ ಕಲಿಸಿರಲಿಲ್ಲ.

ನಮ್ಮ ಕೆಲಸದ ಕಡೆಯಿಂದಲೂ ಒಂದು ಮಾತು. ಹೋಬಳಿ, ತಾಲ್ಲೂಕು ಸುದ್ದಿ ಕಳಿಸುವ ನಮ್ಮಂಥವರು ಇಂಥದ್ದನ್ನು ಬರೆದರೆ ಡೆಸ್ಕ್‌ನವರ ಮೊದಲ ಪ್ರಶ್ನೆ: ‘ಯಾರು ಏನಂದರು?’ ಯಾರೂ ಏನೂ ಅಂದಿರಲ್ಲ. ಬೈದಿದ್ದರೆ ಸುದ್ದಿ, ಹೊಡೆದಿದ್ದರೆ ಮುಖಪುಟ. ಕಟ್ಟೆ ಮೇಲೆ ಇಟ್ಟ ಐನೂರರ ನೋಟು ಸುದ್ದಿಯಾಗಲ್ಲ. ಹಾಗಾಗಿ ಪೇಪರ್ ಓದಿದವರಿಗೆ ‘ನಮ್ಮ ಕಡೆ ಜಾತಿ ಗಲಾಟೆ ಇಲ್ಲ’ ಅನ್ನಿಸುತ್ತೆ. ಗಲಾಟೆ ಇಲ್ಲ, ಸರಿ. ಜಾತಿ ಇಲ್ಲ ಅಂತ ಅದರಿಂದ ಹೇಗೆ ಹೇಳ್ತೀರಿ?

ಕಾನೂನಿಗೆ ಈ ಭಾಷೆ ಗೊತ್ತು. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡಿದೆ. 1955ರ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆಯ 4ನೇ ಸೆಕ್ಷನ್ ಪ್ರಕಾರ ಹೋಟೆಲಿನಲ್ಲಿ ಎಲ್ಲರಿಗೂ ಇಟ್ಟ ಪಾತ್ರೆ ಲೋಟವನ್ನು ಅಸ್ಪೃಶ್ಯತೆಯ ಕಾರಣಕ್ಕೆ ಒಬ್ಬರಿಗೆ ಕೊಡದಿರುವುದು ಅಪರಾಧ. ಅಸ್ಪೃಶ್ಯತೆ ಆಚರಿಸುವಂತೆ ಇನ್ನೊಬ್ಬರನ್ನು ಪ್ರಚೋದಿಸುವುದನ್ನು 7ನೇ ಸೆಕ್ಷನ್ ಹೇಳುವಾಗ, ಮಾತು ಮತ್ತು ಬರಹದ ಜೊತೆಗೆ ‘ಸನ್ನೆ’ಯನ್ನೂ ಸೇರಿಸುತ್ತೆ. 12ನೇ ಸೆಕ್ಷನ್ ಇನ್ನೂ ಮುಖ್ಯ. ಇಂಥ ಕೃತ್ಯ ಪರಿಶಿಷ್ಟ ಜಾತಿಯವರ ವಿರುದ್ಧ ನಡೆದಿದ್ದರೆ, ಅದು ಅಸ್ಪೃಶ್ಯತೆಯ ಕಾರಣಕ್ಕೇ ನಡೆದಿದ್ದು ಅಂತ ಕೋರ್ಟ್ ಭಾವಿಸಬೇಕು. ಅಲ್ಲ ಅಂತ ತೋರಿಸುವ ಹೊಣೆ ಆರೋಪಿಯದು. ಹೋಟೆಲಲ್ಲಿ ಬೇರೆ ಲೋಟ ಇಟ್ಟವರಿಗೆ ‘ನಾವೇನೂ ಅಂದಿಲ್ಲವಲ್ಲ’ ಅನ್ನುವ ಮಾತು ಅಲ್ಲಿ ಉಪಯೋಗಕ್ಕೆ ಬರಲ್ಲ.

ಹಾಗಂತ ಪ್ರತಿ ಮನೆಯ ಜಗಲಿಗೆ ಪೊಲೀಸರು ಬರಲಿ ಅಂತ ನಾವು ಹೇಳುತ್ತಿಲ್ಲ. ನಾವು ಹೇಳುವುದು, ಇದನ್ನು ಬಾಯಿಬಿಟ್ಟು ಹೇಳಬೇಕು ಅಂತ. ಅದಕ್ಕೆ ದಾರಿ ನಮ್ಮ ಸಾಗರ ತಾಲ್ಲೂಕಿನಲ್ಲೇ ಇದೆ. ಕಾಗೋಡಿನಲ್ಲಿ ಗೇಣಿ ಭತ್ತ ಅಳೆಯುವ ಕೊಳಗವೂ ಮಾತಾಡುತ್ತಿರಲಿಲ್ಲ. ಆದರೆ ಅದರ ಗಾತ್ರವೇ ಗೇಣಿದಾರನಿಗೆ ಅವನ ಜಾಗ ಯಾವುದು ಅಂತ ಹೇಳುತ್ತಿತ್ತು. ಕೊಳಗ ದೊಡ್ಡದಿದೆ ಅಂತ ರೈತರು ಬಾಯಿಬಿಟ್ಟರು, ಎಚ್. ಗಣಪತಿಯಪ್ಪನವರಂಥವರು ಅವರ ಜೊತೆ ನಿಂತರು, 1951ರಲ್ಲಿ ಅದು ಸತ್ಯಾಗ್ರಹವಾಯಿತು. ರಾಮಮನೋಹರ ಲೋಹಿಯಾ ಇಲ್ಲಿಗೆ ಬಂದು ಬಂಧನಕ್ಕೊಳಗಾದರು. ಮುಂದೆ 1974ರ ಭೂ ಸುಧಾರಣೆ ಗೇಣಿ ಪದ್ಧತಿಯನ್ನೇ ತೆಗೆಯಿತು.

ಇಲ್ಲಿ ಒಂದು ಖಾರದ ಮಾತು ಹೇಳಲೇಬೇಕು. ಆ ಹೋರಾಟದಿಂದ ಭೂಮಿ ಪಡೆದ ಮನೆಗಳಲ್ಲೂ ಇವತ್ತು ಕೆಲವು ಕಡೆ ಇನ್ನೊಬ್ಬರಿಗೆ ಪೇಪರ್ ಲೋಟ ಬರುತ್ತೆ. ಅಜ್ಜ ಅಂಗಳದಲ್ಲಿ ನಿಂತಿದ್ದ ಅವಮಾನ ಗೊತ್ತಿರುವ ಮೊಮ್ಮಗ, ಬೇರೆಯವರನ್ನು ಅದೇ ಅಂಗಳದಲ್ಲಿ ನಿಲ್ಲಿಸುತ್ತಾನೆ. ಇದು ಯಾವುದೋ ಒಂದು ಜಾತಿಯವರಿಗೆ ಮಾತ್ರ ಬರುವ ಭಾಷೆ ಅಲ್ಲ.

ಬಿಡುವುದಕ್ಕೆ ಖರ್ಚಿಲ್ಲ. ಕೂಲಿಯನ್ನು ಕೈಗೆ ಕೊಡಿ. ಮನೆಯಲ್ಲಿ ಇರುವ ಲೋಟದಲ್ಲೇ ಎಲ್ಲರಿಗೂ ಕಾಫಿ ಕೊಡಿ. ‘ಕೂತ್ಕೋ’ ಅಂದರೆ ಕುರ್ಚಿ ಎಳೆದು, ನೀವೂ ಪಕ್ಕದಲ್ಲಿ ಕೂರಿ. ಮಕ್ಕಳ ಎದುರಿಗೇ ಮಾಡಿ, ಅವರು ನೋಡಿಯೇ ಕಲಿಯುವುದು. ಹೋಟೆಲ್ಲಿನಲ್ಲಿ ಬೇರೆ ಲೋಟ ಕಂಡರೆ ಸುಮ್ಮನೆ ಕುಡಿದು ಎದ್ದು ಬರಬೇಡಿ, ‘ಇದು ಯಾಕೆ ಬೇರೆ?’ ಅಂತ ಎಲ್ಲರಿಗೂ ಕೇಳುವ ಹಾಗೆ ಕೇಳಿ. ಗ್ರಾಮಸಭೆಯಲ್ಲಿ ಚರಂಡಿ, ಬೀದಿದೀಪದ ಜೊತೆ ಇದನ್ನೂ ಎತ್ತಿ, ನಡಾವಳಿ ಪುಸ್ತಕದಲ್ಲಿ ಬರೆಸಿ.

ನೋಡಿದವರು ಬರೆದು ಕಳಿಸಿ. ಹೆಸರು ಬೇಡ, ಊರು ಬೇಡ. ಏನು ನೋಡಿದಿರಿ ಅನ್ನುವುದಷ್ಟೇ ಸಾಕು. ಯಾರು ಏನಂದರು ಅಂತ ನಾವು ಕೇಳುವುದಿಲ್ಲ.